ಮಳೆ ಚರಂಡಿಗೆ ಬಿಟ್ಟ ನೀರು ಮುಂದೆ ಎಲ್ಲಿಗೆ ಹೋಗುತ್ತದೆ? ಗೊತ್ತಿದ್ದವರು ಹೇಳಿ

ಮೂಲೆಮನೆ:
ನಿನ್ನೆ ಎದುರು ಮನೆಯವರು ಗೇಟಿನ ಮುಂದಿನ ಕಾಂಕ್ರೀಟ್ ಕತ್ತರಿಸಿ ತೆಗೆಸುತ್ತಿದ್ದರು. ಕಟಿಂಗ್ ಮಷಿನ್ನಿಗೆ ನೀರು ಬಿಟ್ಟುಕೊಂಡೇ ಕತ್ತರಿಸಬೇಕಲ್ಲ, ಆ ನೀರೆಲ್ಲ ಬೂದಿ ಕಲಸಿದ ಹಾಗೆ ಗಟ್ಟಿಯಾಗಿ ರಸ್ತೆ ಮೇಲೆ ಹರಡಿತ್ತು. ಸಂಜೆ ಕೆಲಸ ಮುಗಿದ ಮೇಲೆ ಹುಡುಗನೊಬ್ಬ ಪೈಪ್ ಹಿಡಿದು ಅಷ್ಟನ್ನೂ ರಸ್ತೆ ಬದಿಯ ಜಾಲರಿಯೊಳಗೆ ತೊಳೆದುಬಿಟ್ಟ. "ಅಲ್ಲಪ್ಪಾ, ಅಲ್ಲಿಗೆ ಯಾಕೆ ಬಿಡ್ತೀಯಾ" ಅಂದೆ. "ಚರಂಡಿ ಇರೋದೇ ಅದಕ್ಕಲ್ವಾ ಸಾರ್" ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಇವತ್ತು ಬೆಳಿಗ್ಗೆ ವಾಕಿಂಗ್ ಹೋದಾಗ ಕೆರೆಗೆ ಪೈಪ್ ಬಂದು ಸೇರುವ ಜಾಗದಲ್ಲಿ ನಿಂತು ನೋಡಿದೆ. ಕಲ್ಲುಗಳ ಮೇಲೆ ಬೂದುಬಣ್ಣದ ಪದರ. ಬೆರಳಿನಿಂದ ಕೆರೆದರೆ ಪೇಸ್ಟ್ ಥರ ಮೆತ್ತಗೆ ಬಂತು. ಮಳೆ ಬಂದು ಎರಡು ವಾರವಾಗಿದೆ, ಹಾಗಾಗಿ ಅದು ನಮ್ಮ ಬೀದಿಯದ್ದೇ ಅಂತ ನನ್ನ ಗುಮಾನಿ. ಚರಂಡಿ ನೀರನ್ನು ಎಲ್ಲೋ ಶುದ್ಧ ಮಾಡಿ ಆಮೇಲೆ ಬಿಡುತ್ತಾರೆ ಅಂದುಕೊಂಡಿದ್ದೆ. ಹಾಗಲ್ವಾ?

ಹಳೆಇಂಜಿನಿಯರ್:
ಹಾಗಲ್ಲ. ಮೂವತ್ತು ವರ್ಷ ಚರಂಡಿ ವಿಭಾಗದಲ್ಲಿ ದುಡಿದು ನಿವೃತ್ತನಾದವನು ನಾನು. ಈ ಪ್ರಶ್ನೆಯನ್ನು ಎಷ್ಟು ಸಲ ಕೇಳಿಸಿಕೊಂಡಿದ್ದೇನೋ ಲೆಕ್ಕವಿಲ್ಲ.

ರಸ್ತೆ ಕೆಳಗೆ ಸಾಮಾನ್ಯವಾಗಿ ಎರಡು ಬೇರೆ ಬೇರೆ ಪೈಪು. ಒಂದು ಒಳಚರಂಡಿ. ಶೌಚಾಲಯ, ಬಚ್ಚಲು, ಅಡುಗೆಮನೆ ಸಿಂಕಿನ ನೀರು ಅದರಲ್ಲಿ ಹೋಗುತ್ತದೆ. ಅದು ಸೇರುವುದು ಶುದ್ಧೀಕರಣ ಘಟಕಕ್ಕೆ. ಇನ್ನೊಂದು ಮಳೆ ಚರಂಡಿ, ನಿಮ್ಮ ರಸ್ತೆ ಬದಿಯ ಜಾಲರಿ ಅದರ ಬಾಯಿ. ಅದರ ಕೆಲಸ ಒಂದೇ, ರಸ್ತೆ ಮೇಲೆ ನಿಂತ ನೀರನ್ನು ಬೇಗ ಆಚೆ ಸಾಗಿಸುವುದು. ಮಧ್ಯದಲ್ಲಿ ಫಿಲ್ಟರ್ ಇಲ್ಲ, ಘಟಕ ಇಲ್ಲ. ಜಾಲರಿ ಕೆಳಗೆ ಒಂದು ಗುಂಡಿ ಇರಬಹುದು, ಮರಳು ಕಲ್ಲು ತಂಗಲಿ ಅಂತ. ಆ ಗುಂಡಿ ತುಂಬಿಹೋಗಿದ್ದರೆ ಅದೂ ಇಲ್ಲ. ಆಮೇಲೆ ಪೈಪು ನೇರ ಕೆರೆ, ಹೊಳೆ ಅಥವಾ ಸಮುದ್ರಕ್ಕೆ.

ಲಂಡನ್ನಿನಂಥ ಹಳೆಯ ನಗರಗಳಲ್ಲಿ ಎರಡಕ್ಕೂ ಒಂದೇ ಪೈಪು. ಅಲ್ಲಿ ಇನ್ನೊಂದು ಥರದ ತಲೆನೋವು. ಜೋರು ಮಳೆ ಬಂದರೆ ಪೈಪು ತುಂಬಿ, ಮಳೆನೀರಿನ ಜೊತೆ ಶೌಚದ ನೀರೂ ನದಿಗೆ ಉಕ್ಕುತ್ತದೆ. ಅದನ್ನು ಹಿಡಿಯಲಿಕ್ಕೆ ಅಂತಲೇ ಥೇಮ್ಸ್ ನದಿಯ ಗುಂಟ 25 ಕಿಲೋಮೀಟರ್ ಉದ್ದದ ಸುರಂಗ ಕೊರೆದರು. 2025ರಲ್ಲಿ ಅದು ಪೂರ್ತಿ ಬಳಕೆಗೆ ಬಂತು.

ಇನ್ನು ನಿಮ್ಮ ಬೂದು ನೀರು. ಅದು ಬರೀ ಮಣ್ಣುನೀರಲ್ಲ. ಸಿಮೆಂಟ್ ಕಲಸಿದ ನೀರಿನ ಪಿಎಚ್, ಅಂದರೆ ಹುಳಿ-ಕ್ಷಾರ ಅಳೆಯುವ ಅಂಕಿ, 12ರ ಆಸುಪಾಸು ಇರುತ್ತದೆ. ಮೀನುಗಳಿಗೆ ಒಗ್ಗುವುದು 6.5ರಿಂದ 9. ಪಿಎಚ್ ಲೆಕ್ಕದಲ್ಲಿ ಒಂದು ಅಂಕಿ ಏರಿದರೆ ಕ್ಷಾರ ಹತ್ತು ಪಟ್ಟು ಜಾಸ್ತಿ. 9ರಿಂದ 12ಕ್ಕೆ ಅಂದರೆ ಸಾವಿರ ಪಟ್ಟು. ಕೆರೆ ದೊಡ್ಡದಾದರೆ ಕರಗಿಹೋಗುತ್ತದೆ, ಸಣ್ಣ ತೋಡಾದರೆ ಕಿವಿರು ಸುಟ್ಟುಕೊಂಡ ಮೀನು ಮೇಲೆ ತೇಲುತ್ತದೆ. ಮೇಸ್ತ್ರಿಗಳನ್ನು ಕೇಳಿ ನೋಡಿ, ಹಸಿ ಸಿಮೆಂಟಿನಲ್ಲಿ ಬರಿಗೈ ಇಟ್ಟು ಚರ್ಮ ಸುಲಿದುಕೊಂಡವರು ಎಷ್ಟೋ ಜನ ಇದ್ದಾರೆ.

ಒಂದ್‌ಮಾತು:
ಇದೆಲ್ಲ ಸರಿ ಸರ್. ಆದರೆ ನನಗೆ ಈ ಥರದ ಚರ್ಚೆ ನೋಡಿದರೆ ಸಿಟ್ಟು ಬರುತ್ತದೆ. ದೊಡ್ಡ ಕಾರ್ಖಾನೆಗಳು ಟ್ಯಾಂಕರ್‌ಗಟ್ಟಲೆ ವಿಷ ಬಿಡುತ್ತವೆ, ಅವರನ್ನು ಯಾರೂ ಕೇಳುವುದಿಲ್ಲ. ಒಂದು ಬಕೆಟ್ ಸೋಪಿನ ನೀರು ಚೆಲ್ಲಿದ ಪಾಪದವನಿಗೆ ಪಾಠ. ಮೊದಲು ಅಲ್ಲಿ ಸರಿ ಮಾಡಲಿ, ಆಮೇಲೆ ನಮ್ಮ ಬಕೆಟ್ ನೋಡೋಣ.

ಟೆಸ್ಟ್‌ಕಿಟ್:
@ಒಂದ್‌ಮಾತು, ಸಿಟ್ಟು ನ್ಯಾಯವಾದದ್ದೇ. ಆದರೆ ನೀವು ಹೇಳಿದ ಕ್ರಮದಲ್ಲಿ ಮಾಡಿ ನೋಡಿದವರಿದ್ದಾರೆ. ಅಮೆರಿಕದಲ್ಲಿ 1972ರ ಶುದ್ಧ ನೀರಿನ ಕಾನೂನು ಮೊದಲು ಹಿಡಿದದ್ದು ಕಾರ್ಖಾನೆ ಪೈಪುಗಳನ್ನು, ಒಳಚರಂಡಿ ಘಟಕಗಳನ್ನು. ಆದರೂ ಹೊಳೆಗಳು ನಿರೀಕ್ಷೆಯಷ್ಟು ತಿಳಿಯಾಗಲಿಲ್ಲ. 1979ರಿಂದ 1983ರವರೆಗೆ 28 ಕಡೆ ನಗರದ ಮಳೆನೀರನ್ನು ಹಿಡಿದು ಪರೀಕ್ಷೆ ಮಾಡಿದರು. ತಾಮ್ರ, ಸೀಸ, ಸತು, ರೋಗಾಣು ಎಲ್ಲ ಸಿಕ್ಕವು. ಬರೀ ರಸ್ತೆ, ತಾರಸಿ, ಪಾರ್ಕಿಂಗ್ ಜಾಗ ತೊಳೆದು ಬಂದ ನೀರಿನಲ್ಲಿ! 1987ರಲ್ಲಿ ಕಾನೂನು ತಿದ್ದಿ ಮಳೆ ಚರಂಡಿಗಳನ್ನೂ ಅದರೊಳಗೆ ತಂದರು. 1990ರ ನಿಯಮ ಒಂದು ಲಕ್ಷ ಜನಸಂಖ್ಯೆ ದಾಟಿದ ನಗರಗಳಿಗೆ, 1999ರದ್ದು ಸಣ್ಣ ಊರುಗಳಿಗೂ.

ಕಾರ್ಖಾನೆ ಪೈಪಿಗೆ ಒಂದು ಬಾಯಿ, ಒಬ್ಬ ಮಾಲೀಕ. ಬೀಗ ಹಾಕಬಹುದು. ಇಲ್ಲಿ ಬಾಯಿ ಸಾವಿರಾರು, ಮಾಲೀಕರು ಎಲ್ಲರೂ. ಕಷ್ಟ ಇರುವುದೇ ಅಲ್ಲಿ.

ಒಂದ್‌ಮಾತು:
ಸರಿ, ಒಪ್ಪಿದೆ. ಅರ್ಧ ಮಾತ್ರ.

ಸ್ಪ್ಯಾನರ್:
ನಾನು ಗ್ಯಾರೇಜ್ ಇಟ್ಟವನು. ಬೈಸಿಕೊಳ್ಳಲು ರೆಡಿಯಾಗಿಯೇ ಬರೆಯುತ್ತಿದ್ದೇನೆ. ಮೊದಲ ಏಳೆಂಟು ವರ್ಷ ನಾನೂ ಹಾಗೇ ಮಾಡುತ್ತಿದ್ದೆ. ರಾತ್ರಿ ಶಟರ್ ಎಳೆಯುವ ಮೊದಲು ನೆಲಕ್ಕೆ ಡೀಸೆಲ್ ಹಾಕಿ ಉಜ್ಜಿ, ಸೋಪ್ ಪುಡಿ ಚೆಲ್ಲಿ, ಪೈಪ್ ಹಿಡಿದು ರಸ್ತೆಗೆ. ನೆಲ ಫಳಫಳ. ಒಂದು ಮಳೆಗಾಲದಲ್ಲಿ ಅಂಗಡಿ ಎದುರಿನ ಜಾಲರಿ ಕಟ್ಟಿಕೊಂಡು ನೀರು ನನ್ನ ಪಿಟ್‌ಗೇ ನುಗ್ಗಿತು. ಕೈ ಹಾಕಿ ತೆಗೆದರೆ ಕಪ್ಪು ಗ್ರೀಸ್ ಮುದ್ದೆ, ಅದರೊಳಗೆ ನನ್ನದೇ ನಟ್ಟು, ವಾಷರ್, ಒರೆಸುವ ಬಟ್ಟೆ. ಬೇರೆಯವರ ಮೇಲೆ ಹಾಕುವಂತೆಯೇ ಇರಲಿಲ್ಲ.

ಈಗ ಪೈಪ್ ಒಳಗೆ ತರುವುದೇ ಇಲ್ಲ. ಆಯಿಲ್ ಚೆಲ್ಲಿದರೆ ಮೊದಲು ಸುತ್ತ ಮರದ ಹೊಟ್ಟಿನ ಕಟ್ಟೆ, ಆಮೇಲೆ ಮಧ್ಯಕ್ಕೆ ಹೊಟ್ಟು. ಇದನ್ನು ಉಲ್ಟಾ ಮಾಡಿದರೆ ಆಯಿಲ್ ಅಂಚಿಗೆ ಓಡುತ್ತದೆ. ಕಾಲಿನಿಂದ ತುಳಿದು ತಿಕ್ಕಬೇಕು. ಹೊಟ್ಟು ಕಂದು ಬಣ್ಣಕ್ಕೆ ತಿರುಗಿ ಪುಡಿಪುಡಿಯಾಗಿ ಇದ್ದರೆ ಸಾಕಾಯಿತು ಅಂತ, ಮುದ್ದೆ ಕಟ್ಟಿದರೆ ಇನ್ನೂ ಬೇಕು ಅಂತ. ಗುಡಿಸಿ ಮುಚ್ಚಳವಿರುವ ಡ್ರಮ್ಮಿಗೆ. ಆ ಡ್ರಮ್ಮನ್ನು ಬಿಸಿಲಲ್ಲಿ, ವೆಲ್ಡಿಂಗ್ ಹತ್ತಿರ ಇಡಬೇಡಿ. ಆಯಿಲ್ ಹೀರಿದ ಹೊಟ್ಟು ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳಬಹುದು.

ಹಳೇ ಆಯಿಲ್ ಅಂತೂ ಚರಂಡಿಗೆ ಒಂದು ಹನಿಯೂ ಬೇಡ. ಅದನ್ನು ಮತ್ತೆ ಶುದ್ಧ ಮಾಡಿ ಬಳಸಲು ಬರುತ್ತದೆ, ಕೊಳ್ಳುವವರಿದ್ದಾರೆ. ಕೂಲೆಂಟ್ ಜೊತೆ ಬೆರೆಸಿದರೆ ಮಾತ್ರ ಯಾರೂ ಮುಟ್ಟುವುದಿಲ್ಲ, ಬೇರೆ ಬೇರೆ ಕ್ಯಾನ್ ಇಡಿ.

ಮೂಲೆಮನೆ:
ಸ್ಪ್ಯಾನರ್ ಅವರೇ, ಸೋಪ್ ಹಾಕಿದರೆ ಆಯಿಲ್ ಕರಗಿ ಹೋಗುವುದಿಲ್ವಾ? ನಾನು ಗೇಟ್ ಒಳಗಿನ ಕಲೆಗೆ ಅದನ್ನೇ ಮಾಡುತ್ತೇನೆ.

ಟೆಸ್ಟ್‌ಕಿಟ್:
ಕರಗುವುದಿಲ್ಲ, ಸಣ್ಣ ಸಣ್ಣ ಹನಿಯಾಗಿ ಒಡೆದು ನೀರಿನೊಳಗೆ ಸೇರಿಕೊಳ್ಳುತ್ತದೆ. ಮೇಲೆ ತೇಲುವ ಆಯಿಲನ್ನಾದರೂ ಬಟ್ಟೆ ಹಾಕಿ ಹೀರಿ ತೆಗೆಯಬಹುದು. ಒಳಗೆ ಸೇರಿದ್ದನ್ನು ಏನು ಮಾಡುತ್ತೀರಿ? ಸಾಲದ್ದಕ್ಕೆ ಸೋಪು ಮೀನಿನ ಕಿವಿರಿನ ಲೋಳೆಯನ್ನೂ ತೊಳೆದುಹಾಕುತ್ತದೆ. ಡಬ್ಬಿ ಮೇಲೆ "ಮಣ್ಣಿನಲ್ಲಿ ಕೊಳೆಯುತ್ತದೆ" ಅಂತ ಬರೆದಿದ್ದರೂ ಅಷ್ಟೇ. ಕೊಳೆಯಲು ದಿನಗಳು ಬೇಕು, ಚರಂಡಿಯಿಂದ ಕೆರೆಗೆ ಸೇರಲು ಕೆಲವೇ ನಿಮಿಷ.

ಇನ್ನೊಂದು ವಿಷಯ. ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣ ಕಂಡ ಕೂಡಲೇ ಯಾರೋ ಆಯಿಲ್ ಸುರಿದರು ಅಂತ ಕೂಗಬೇಡಿ. ಒಂದು ಕಡ್ಡಿ ತೆಗೆದುಕೊಂಡು ಆ ಪದರವನ್ನು ಕದಡಿ. ಗಾಜು ಒಡೆದ ಹಾಗೆ ಚೂರುಚೂರಾಗಿ ಬಿರಿದು ಹಾಗೇ ನಿಂತರೆ ಅದು ಕಬ್ಬಿಣ ತಿನ್ನುವ ಬ್ಯಾಕ್ಟೀರಿಯಾದ ಕೆಲಸ, ತಾನಾಗಿ ಆದದ್ದು. ಸುಳಿ ಸುತ್ತಿಕೊಂಡು ಮತ್ತೆ ಕೂಡಿಕೊಂಡರೆ ಅದು ಪೆಟ್ರೋಲ್, ಡೀಸೆಲ್, ಆಯಿಲ್. ನಮ್ಮ ಶಾಲೆಯ ಮಕ್ಕಳಿಗೆ ನಾನು ಮೊದಲು ಹೇಳಿಕೊಡುವುದೇ ಇದು. ಆಮೇಲೆ ಅವರು ಪ್ರತಿ ಹೊಂಡಕ್ಕೂ ಕಡ್ಡಿ ಹಾಕುತ್ತಾ ಬರುತ್ತಾರೆ, ಅದು ಬೇರೆ ಮಾತು.

ನಾಲ್ಕುಕಾಲು:
ಕಾರ್ ತೊಳೆಯುವವರು ಏನು ಮಾಡಬೇಕು ಹಾಗಾದರೆ? ಹುಲ್ಲಿನ ಮೇಲೆ ನಿಲ್ಲಿಸಿ ತೊಳೆಯಿರಿ ಅಂತ ಎಲ್ಲೋ ಓದಿದ್ದೆ. ನಮ್ಮ ಮನೆಯಲ್ಲಿ ಹುಲ್ಲು ಅಂತ ಇರುವುದು ಕುಂಡದಲ್ಲಿ ಮಾತ್ರ.

ಹಳೆಇಂಜಿನಿಯರ್:
ಹುಲ್ಲು, ಜಲ್ಲಿ, ಮಣ್ಣು ಯಾವುದಾದರೂ ಸರಿ, ನೀರು ಹೀರಬೇಕು ಅಷ್ಟೇ. ಇಲ್ಲದಿದ್ದರೆ ವಾಟರ್ ಸರ್ವೀಸ್ ಅಂಗಡಿ, ಆದರೆ ಅವರ ನೀರು ಒಳಚರಂಡಿಗೆ ಹೋಗುತ್ತದೋ ಇಲ್ವೋ ಕೇಳಿಯೇ ಒಳಗೆ ಹೋಗಿ. ಅದೂ ಬೇಡವೆಂದರೆ ಬಕೆಟ್ಟಿನಲ್ಲಿ ಬಟ್ಟೆ ಅದ್ದಿ ಒರೆಸಿ, ಬಕೆಟ್ಟನ್ನು ಬಚ್ಚಲಿಗೆ ಸುರಿಯಿರಿ. ನಲವತ್ತು ವರ್ಷದಿಂದ ನಾನು ಮಾಡುತ್ತಿರುವುದು ಇದೇ. ಕಾರು ಇನ್ನೂ ಕಾರಿನ ಹಾಗೇ ಇದೆ.

ಸೈಟ್‌ಮೇಸ್ತ್ರಿ:
ಮೇಲೆ ಸಿಮೆಂಟ್ ನೀರಿನ ಬಗ್ಗೆ ಓದಿ ಮುಜುಗರವಾಯಿತು, ಯಾಕೆಂದರೆ ನಾನು ಅದೇ ಫೀಲ್ಡಿನವನು. ಒಂದು ಮಾತು ಹೇಳಲೇಬೇಕು, ಪೈಪ್ ಹಿಡಿದ ಹುಡುಗನ ತಪ್ಪಲ್ಲ. ಅವನಿಗೆ "ಸಂಜೆ ರಸ್ತೆ ಕ್ಲೀನ್ ಇರಬೇಕು" ಅಂತ ಹೇಳಿರುತ್ತಾರೆ, ಹೇಗೆ ಅಂತ ಹೇಳಿರುವುದಿಲ್ಲ.

ಸರಿಯಾದ ಕ್ರಮ ದೊಡ್ಡ ವಿದ್ಯೆಯೇನಲ್ಲ. ಕತ್ತರಿಸುವ ಮೊದಲೇ ಜಾಲರಿಯನ್ನು ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿ, ಅಂಚಿಗೆ ಮರಳಿನ ಚೀಲ ಇಡುವುದು. ನೀರು ಒಂದು ಕಡೆ ನಿಲ್ಲುತ್ತದೆ, ನೀರೆಳೆಯುವ ವ್ಯಾಕ್ಯೂಮಿನಿಂದ ಅಥವಾ ಸುಮ್ನೆ ಸಲಿಕೆಯಿಂದ ಡ್ರಮ್ಮಿಗೆ ತುಂಬುವುದು. ಸೈಟ್ ದೊಡ್ಡದಿದ್ದರೆ ಮೂಲೆಯಲ್ಲಿ ಗುಂಡಿ ತೋಡಿ ಟಾರ್ಪಾಲ್ ಹಾಸಿ, ಮಿಕ್ಸರ್, ಬಾಂಡ್ಲಿ, ಕರಣೆ ತೊಳೆದ ನೀರೆಲ್ಲ ಅದಕ್ಕೇ. ಎರಡು ಮೂರು ದಿನದಲ್ಲಿ ನೀರು ಆರಿ ಕೆಳಗೆ ಗಟ್ಟಿ ಹಲಗೆ ಉಳಿಯುತ್ತದೆ. ಒಡೆದು ಕಟ್ಟಡ ತ್ಯಾಜ್ಯದ ಜೊತೆ ಕಳಿಸಿದರಾಯಿತು. ಟಾರ್ಪಾಲ್ ಹರಿದಿದ್ದರೆ ಗುಂಡಿ ಇದ್ದೂ ಇಲ್ಲದ ಹಾಗೆ.

ಸಿಮೆಂಟಿಗಿಂತ ಜಾಸ್ತಿ ಹಾನಿ ಮಾಡುವುದು ಮಣ್ಣು. ಅಗೆದ ಮಣ್ಣನ್ನು ರಸ್ತೆ ಬದಿ ರಾಶಿ ಹಾಕಿ ಹೋಗುತ್ತಾರಲ್ಲ, ಒಂದು ಮಳೆಗೆ ಅರ್ಧ ರಾಶಿ ಮಾಯ. ಎಲ್ಲಿಗೆ ಹೋಯಿತು? ಜಾಲರಿ ಕೆಳಗೆ, ಪೈಪಿನ ಒಳಗೆ, ಕೆರೆಯ ತಳಕ್ಕೆ. ರಾಶಿಯನ್ನು ಜಾಲರಿಯಿಂದ ದೂರ ಹಾಕಿ, ಮೇಲೆ ಟಾರ್ಪಾಲ್ ಹೊದೆಸಿ ಇಟ್ಟಿಗೆ ಪೇರಿಸಿ. ಲಾರಿ ಹೊರಗೆ ಬರುವ ದಾರಿಗೆ ದಪ್ಪ ಜಲ್ಲಿ ಹಾಕಿದರೆ ಟೈರಿನ ಮಣ್ಣು ಅಲ್ಲೇ ಉದುರುತ್ತದೆ.

ಕೆಲವು ಸೈಟಲ್ಲಿ ಸುತ್ತ ಹಸಿರು ಬಟ್ಟೆ ಕಟ್ಟಿರುತ್ತಾರೆ, ಮಣ್ಣು ತಡೆಯಲಿಕ್ಕೆ ಅಂತ. ಬುಡ ಗಾಳಿಯಲ್ಲಿ ಹಾರಾಡುತ್ತಿರುತ್ತದೆ. ಬುಡವನ್ನು ಒಂದು ಗೇಣು ಆಳಕ್ಕೆ ಹೂತು ಮಣ್ಣು ದಬ್ಬಿ ಗಟ್ಟಿ ಮಾಡಿದರೆ ಮಾತ್ರ ನೀರು ಅದರ ಹಿಂದೆ ನಿಂತು, ಮಣ್ಣು ಕೆಳಗೆ ಕೂರುತ್ತದೆ. ಇಲ್ಲದಿದ್ದರೆ ಅದು ಸೈಟಿಗೆ ಉಡಿಸಿದ ಲಂಗ.

ಹಸಿರುಕೈ:
ಲಂಗ 😂

ಮಣ್ಣಿನ ಬಗ್ಗೆ ನಾನೂ ಸೇರಿಸುತ್ತೇನೆ. ಮಣ್ಣಿನ ಕಣಕ್ಕೆ ಅಂಟಿಕೊಂಡೇ ರಂಜಕ ಕೆರೆಗೆ ಹೋಗುತ್ತದೆ, ಗಿಡಕ್ಕೆ ಹಾಕುವ ಗೊಬ್ಬರದಲ್ಲಿ ಇರುತ್ತದಲ್ಲ ಅದು. ಗಿಡಕ್ಕೆ ಒಳ್ಳೆಯದು ಪಾಚಿಗೂ ಒಳ್ಳೆಯದೇ. ಒಂದು ಕಿಲೋ ರಂಜಕ ನೂರಾರು ಕಿಲೋ ಪಾಚಿ ಬೆಳೆಸಬಲ್ಲದು. ಪಾಚಿ ರಾತ್ರಿ ಉಸಿರಾಡುವಾಗಲೂ, ಸತ್ತು ಕೊಳೆಯುವಾಗಲೂ ನೀರಿನ ಆಮ್ಲಜನಕ ತಿಂದುಹಾಕುತ್ತದೆ. ಬೆಳಗಿನ ಜಾವ ಮೀನು ಬಾಯಿ ಮೇಲೆ ಮಾಡಿ ಏದುಸಿರು ಬಿಡುವುದು ಅದಕ್ಕೇ. ಮೋಡ ಕಟ್ಟಿದ ದಿನ ಗೊಬ್ಬರ ಹಾಕುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಗಿಡಕ್ಕಲ್ಲ, ಕೆರೆಗೆ ಹಾಕಿದ ಹಾಗೆ.

ಉದುರಿದ ಎಲೆಯನ್ನು ರಸ್ತೆಗೆ ಗುಡಿಸುವುದೂ ಅಷ್ಟೇ. ನೆನೆದ ಎಲೆಯಿಂದ ಚಹಾದ ಡಿಕಾಕ್ಷನ್ ಇಳಿದ ಹಾಗೆ ರಂಜಕ ಇಳಿಯುತ್ತದೆ. ಅಮೆರಿಕದ ಮ್ಯಾಡಿಸನ್ ನಗರದಲ್ಲಿ ಎಲೆ ಉದುರುವ ಕಾಲದಲ್ಲಿ, ಪ್ರತಿ ಮಳೆಗೂ ಮೊದಲು ಒಂದು ಬಡಾವಣೆಯ ರಸ್ತೆಯ ಎಲೆಯನ್ನೆಲ್ಲ ತೆಗೆಸಿ ನೋಡಿದರು. ಚರಂಡಿ ನೀರಿನ ರಂಜಕ 84% ಕಡಿಮೆಯಾಯಿತು. 2016ರಲ್ಲಿ ಪ್ರಕಟವಾದ ಅಧ್ಯಯನ. ಪೊರಕೆಗೆ ಇಷ್ಟು ಶಕ್ತಿ ಇದೆ ಅಂತ ನಾನೂ ಎಣಿಸಿರಲಿಲ್ಲ.

ನಾಲ್ಕುಕಾಲು:
ನಾಯಿ ಸಾಕಿದವರ ಪರವಾಗಿ ಒಂದು ತಪ್ಪೊಪ್ಪಿಗೆ: ಅದು ಗೊಬ್ಬರವಾಗುತ್ತದೆ ಬಿಡು ಅಂತ ರಸ್ತೆ ಬದಿ ಬಿಟ್ಟು ಬರುತ್ತಿದ್ದೆ.

ಟೆಸ್ಟ್‌ಕಿಟ್:
ಗೊಬ್ಬರವಲ್ಲ. ಮೊದಲ ಮಳೆ ಆದ ಕೂಡಲೇ ನೀರಿನಲ್ಲಿ ಇ-ಕೊಲೈ, ಅಂದರೆ ಮಲದಲ್ಲಿರುವ ಬ್ಯಾಕ್ಟೀರಿಯಾ, ಲೆಕ್ಕ ಏರುತ್ತದೆ, ಅದರಲ್ಲಿ ನಾಯಿಗಳ ಪಾಲೂ ಇರುತ್ತದೆ. ಚೀಲ ಒಯ್ಯಿರಿ, ಕಸಕ್ಕೆ ಹಾಕಿ. ಚೀಲ ಕಟ್ಟಿ ಜಾಲರಿಯೊಳಗೇ ತಳ್ಳುವ ಮಹಾನುಭಾವರನ್ನೂ ನೋಡಿದ್ದೇನೆ. ಅದಕ್ಕಿಂತ ಹಾಗೇ ಬಿಡುವುದೇ ವಾಸಿ.

ಸಿಗರೇಟ್ ತುಂಡೂ ಅಷ್ಟೇ. 2011ರಲ್ಲಿ ಪ್ರಯೋಗ ಮಾಡಿದ್ದರು. ಲೀಟರ್ ನೀರಿಗೆ ಸೇದಿ ಬಿಟ್ಟ ಒಂದೇ ಒಂದು ತುಂಡು ನೆನೆಹಾಕಿದರೆ, ಆ ನೀರಿನಲ್ಲಿ ಬಿಟ್ಟ ಸಣ್ಣ ಮೀನುಗಳಲ್ಲಿ ಸುಮಾರು ಅರ್ಧ ಸತ್ತವು.

ಬಣ್ಣದಬ್ರಷ್:
ಪೇಂಟರ್ ಕಡೆಯಿಂದ: ನೀರಿನ ಪೇಂಟ್ ಆದರೆ ಬ್ರಷ್ ಸಿಂಕಿನಲ್ಲಿ ತೊಳೆಯಿರಿ, ಅಂಗಳದ ನಲ್ಲಿಯಲ್ಲಿ ಬೇಡ. ಆಯಿಲ್ ಪೇಂಟ್ ಆದರೆ ಟರ್ಪೆಂಟೈನನ್ನು ಎಲ್ಲಿಗೂ ಚೆಲ್ಲಬೇಡಿ. ಡಬ್ಬಿಯಲ್ಲಿ ಒಂದು ರಾತ್ರಿ ಬಿಟ್ಟರೆ ಬಣ್ಣ ತಳಕ್ಕೆ ಕೂರುತ್ತದೆ, ಮೇಲಿನ ತಿಳಿ ಮತ್ತೆ ಬಳಕೆಗೆ ಬರುತ್ತದೆ. ನಾನು ಒಂದೇ ಡಬ್ಬಿಯನ್ನು ತಿಂಗಳುಗಟ್ಟಲೆ ಓಡಿಸಿದ್ದೇನೆ.

ಒಂದ್‌ಮಾತು:
ಇಷ್ಟೆಲ್ಲ ಮಾಡಿದರೂ ಮಳೆ ಬಂದಾಗ ಎಲ್ಲ ಕೊಚ್ಚಿಹೋಗುತ್ತದಲ್ಲ. ಅಷ್ಟು ನೀರಿನಲ್ಲಿ ಒಂದಿಷ್ಟು ಕೊಳೆ ಇದ್ದರೆ ಏನಾಯಿತು?

ಹಳೆಇಂಜಿನಿಯರ್:
ಒಳ್ಳೆಯ ಪ್ರಶ್ನೆ, ಬಹಳ ಜನ ತಪ್ಪುವುದು ಇಲ್ಲೇ. ಕೊಳೆ ಮಳೆಯುದ್ದಕ್ಕೂ ಒಂದೇ ಸಮ ಬರುವುದಿಲ್ಲ. ಒಣ ದಿನಗಳಲ್ಲಿ ರಸ್ತೆ ಮೇಲೆ ಕೂತದ್ದೆಲ್ಲ ಮೊದಲ ನೀರಿನಲ್ಲೇ ಒಟ್ಟಾಗಿ ಇಳಿಯುತ್ತದೆ. ಒಂದು ಕಿಲೋಮೀಟರ್ ಉದ್ದ, ಹತ್ತು ಮೀಟರ್ ಅಗಲದ ರಸ್ತೆ ತೆಗೆದುಕೊಳ್ಳಿ. ಬರೀ 1 ಮಿಲಿಮೀಟರ್ ಮಳೆ ಬಿದ್ದರೆ 10,000 ಲೀಟರ್, ಎರಡು ಟ್ಯಾಂಕರಿನಷ್ಟು. ಮೊದಲ ಕೆಲವು ಮಿಲಿಮೀಟರ್ ಕಪ್ಪಗೆ, ನೊರೆ ಕಟ್ಟಿಕೊಂಡು ಬರುತ್ತದೆ, ಆಮೇಲೆ ತಿಳಿಯಾಗುತ್ತಾ ಹೋಗುತ್ತದೆ. ಬಹಳ ದಿನ ಮಳೆ ಇಲ್ಲದೆ ಮೊದಲ ಮಳೆ ಬಂದ ಮಾರನೇ ದಿನ ಮೀನು ಸಾಯುವುದು ಇದಕ್ಕೇ. ಕೆರೆಯಲ್ಲಿ ನೀರೂ ಕಡಿಮೆ ಇರುತ್ತದೆ ಆಗ.

ಹಾಗಾಗಿ ಮಳೆನೀರಿನ ಕೊಳೆ ತಡೆಯುವ ಕೆಲಸ ಇರುವುದು ಮಳೆ ಇಲ್ಲದ ದಿನಗಳಲ್ಲಿ. ಮಳೆ ಶುರುವಾದ ಮೇಲೆ ನಾವು ಮಾಡುವುದು ಬರೀ ಓಡಾಟ.

ಗುಡಿಸುವುದರ ಬಗ್ಗೆ ಒಂದು ಅನುಭವ. ನಮ್ಮಲ್ಲಿ ಬ್ರಷ್ ತಿರುಗುವ ಗಾಡಿ ತಂದರು. ರಸ್ತೆ ಚೆಂದ ಕಾಣುತ್ತಿತ್ತು. ಆದರೆ ದೊಡ್ಡ ಕಸ ಮಾತ್ರ ಎತ್ತುತ್ತಿತ್ತು, ಹಿಟ್ಟಿನಂಥ ಧೂಳು ಹಾಗೇ ಉಳಿಯುತ್ತಿತ್ತು. ಲೋಹಗಳು ಹೆಚ್ಚು ಅಂಟಿಕೊಂಡಿರುವುದು ಆ ಸಣ್ಣ ಧೂಳಿಗೇ. ಗಾಳಿಯಿಂದ ಎಳೆಯುವ ಗಾಡಿಯೇ ಬೇಕು. ಇದನ್ನು ಬರೆದು ಕೊಟ್ಟೆ. ಫೈಲು ಎಲ್ಲಿ ಹೋಯಿತೋ, ಅದೂ ಯಾವುದೋ ಚರಂಡಿಯಲ್ಲೇ ಇರಬೇಕು.

ಸ್ಪ್ಯಾನರ್:
ಆ ಸಣ್ಣ ಧೂಳಿನಲ್ಲಿ ಬ್ರೇಕ್ ಪ್ಯಾಡಿನ ಪುಡಿ ಇರುತ್ತದೆ ಅಲ್ವಾ? ಪ್ಯಾಡ್ ಬದಲಿಸುವಾಗ ಏರ್ ಹೊಡೆದು ಊದಿಸುವ ಅಭ್ಯಾಸ ನಮ್ಮವರಿಗೆ. ಅದನ್ನೂ ನಿಲ್ಲಿಸಿದ್ದೇನೆ, ಒದ್ದೆ ಬಟ್ಟೆಯಿಂದ ಒರೆಸುತ್ತೇವೆ.

ಟೆಸ್ಟ್‌ಕಿಟ್:
ಹೌದು, ಅದರಲ್ಲಿ ತಾಮ್ರ ಇರುತ್ತದೆ. ಅಮೆರಿಕದ ವಾಷಿಂಗ್ಟನ್, ಕ್ಯಾಲಿಫೋರ್ನಿಯಾ ರಾಜ್ಯಗಳು 2010ರಲ್ಲೇ ಕಾನೂನು ಮಾಡಿ, ಪ್ಯಾಡಿನ ತಾಮ್ರವನ್ನು 2025ರ ಹೊತ್ತಿಗೆ 0.5 ಶೇಕಡಾಕ್ಕಿಂತ ಕೆಳಗೆ ಇಳಿಸಬೇಕು ಅಂದವು. ಸಾಲ್ಮನ್ ಮೀನು ಮೂಗಿನ ಬಲದ ಮೇಲೆ ಬದುಕುವ ಪ್ರಾಣಿ. ಅತಿ ಸ್ವಲ್ಪ ತಾಮ್ರವೂ ಅದರ ವಾಸನೆ ಹಿಡಿಯುವ ಶಕ್ತಿ ಕೆಡಿಸುತ್ತದೆ.

ಟೈರಿನ ಕಥೆ ಇನ್ನೂ ವಿಚಿತ್ರ. ಸಿಯಾಟಲ್ ಸುತ್ತಮುತ್ತ ಕೋಹೋ ಸಾಲ್ಮನ್‌ಗಳು ಮೊಟ್ಟೆ ಇಡಲು ಹೊಳೆಗೆ ಬರುತ್ತಿದ್ದವು. ಮಳೆ ಆದ ಕೆಲವೇ ಗಂಟೆಗಳಲ್ಲಿ ಸುತ್ತು ಹಾಕಿ, ಬಾಯಿ ತೆರೆದು ಸಾಯುತ್ತಿದ್ದವು. ಹೊಟ್ಟೆಯಲ್ಲಿ ಮೊಟ್ಟೆ ಹಾಗೇ. ಕಾರಣ ಹುಡುಕಲು ವರ್ಷಗಟ್ಟಲೆ ಹಿಡಿಯಿತು. 2020ರ ಡಿಸೆಂಬರಿನಲ್ಲಿ ಉತ್ತರ ಪ್ರಕಟವಾಯಿತು. ಟೈರ್ ಬಿರಿಯದಿರಲಿ ಅಂತ ರಬ್ಬರಿಗೆ 6ಪಿಪಿಡಿ ಅನ್ನುವ ರಾಸಾಯನಿಕ ಹಾಕುತ್ತಾರೆ. ಅದು ಗಾಳಿಯ ಓಝೋನ್ ತಾಗಿ ಬೇರೆಯೇ ಒಂದು ವಿಷವಾಗುತ್ತದೆ, 6ಪಿಪಿಡಿ-ಕ್ವಿನೋನ್. ಯಾರೂ ಏನನ್ನೂ ಸುರಿದಿರಲಿಲ್ಲ. ಗಾಡಿ ಓಡಿಸಿದ್ದೇ ಸಾಕಾಗಿತ್ತು.

ಮನಸ್ಸಿಗೆ ಸಮಾಧಾನ ಕೊಡುವ ಭಾಗವೂ ಇದೆ. ಅದೇ ರಸ್ತೆ ನೀರನ್ನು ಮರಳು, ಕಾಂಪೋಸ್ಟ್ ಬೆರೆಸಿದ ಮಣ್ಣಿನ ಮೂಲಕ ಇಳಿಸಿ ಮೀನು ಬಿಟ್ಟರೆ, ಮೀನು ಬದುಕಿದವು.

ಹಸಿರುಕೈ:
ಅದಕ್ಕೇ ನಾನು ಮನೆ ಮುಂದೆ ತಗ್ಗು ತೋಟ ಮಾಡಿಕೊಂಡೆ. ತಾರಸಿ ನೀರು, ಅಂಗಳದ ನೀರು ಎರಡೂ ಅದಕ್ಕೆ ಬಂದು ಇಂಗುತ್ತದೆ. ಎಲ್ಲರೂ ಒಂದೊಂದು ಮಾಡಿಕೊಂಡರೆ ಮುಗಿಯಿತಲ್ಲ?

ಹಳೆಇಂಜಿನಿಯರ್:
ಮುಗಿಯುವುದಿಲ್ಲ ಮೇಡಂ, ಆದರೆ ಒಳ್ಳೆಯ ಕೆಲಸ. ಎರಡು ಮೂರು ಎಚ್ಚರಿಕೆ ಹೇಳಿಬಿಡುತ್ತೇನೆ. ಮನೆ ಅಡಿಪಾಯದಿಂದ ಮೂರು ಮೀಟರಾದರೂ ದೂರ ಇರಲಿ. ಮೊದಲು ಒಂದು ಗುಂಡಿ ತೋಡಿ, ನೀರು ತುಂಬಿ, ಎಷ್ಟು ಹೊತ್ತಿಗೆ ಇಂಗುತ್ತದೆ ನೋಡಿ. ಒಂದೆರಡು ದಿನದಲ್ಲಿ ಖಾಲಿಯಾಗಬೇಕು. ಸೊಳ್ಳೆ ಮರಿಯಾಗಲು ಸುಮಾರು ಒಂದು ವಾರ ನಿಂತ ನೀರು ಬೇಕು, ಹಾಗಾಗಿ ಎರಡು ದಿನದ ನೀರಿಗೆ ಹೆದರಬೇಕಿಲ್ಲ. ಕಾಂಪೋಸ್ಟ್ ಜಾಸ್ತಿ ಸುರಿಯಬೇಡಿ. ಅದರಿಂದಲೇ ರಂಜಕ ಸೋರಿ, ನೀವು ತಡೆಯಲು ಹೊರಟದ್ದನ್ನು ನೀವೇ ಕಳಿಸಿದ ಹಾಗಾಗುತ್ತದೆ.

ಸ್ಪ್ಯಾನರ್ ಅವರಂಥ ಗ್ಯಾರೇಜ್, ಪೆಟ್ರೋಲ್ ಬಂಕ್ ಇರುವ ಕಡೆ ಇಂಗಿಸುವುದು ಬೇಡವೇ ಬೇಡ. ಅಲ್ಲಿನ ನೀರು ಇಂಗಿದರೆ ಅಂತರ್ಜಲಕ್ಕೇ ವಿಷ.

ಹಸಿರುಕೈ:
ಕಾಂಪೋಸ್ಟ್ ವಿಷಯದಲ್ಲಿ ನನ್ನ ತಕರಾರಿದೆ. ಇಲ್ಲದಿದ್ದರೆ ಗಿಡ ಹಿಡಿಯುವುದು ಹೇಗೆ?

ಹಳೆಇಂಜಿನಿಯರ್:
ಸ್ವಲ್ಪ ಹಾಕಿ, ಬೇಡ ಅನ್ನಲಿಲ್ಲ. ಕುಂಡಕ್ಕೆ ಹಾಕುವಷ್ಟಲ್ಲ.

ಮೂಲೆಮನೆ:
ಎರಡು ದಿನದ ಅಪ್‌ಡೇಟ್. ಎದುರು ಮನೆಯ ಕೆಲಸದವರು ಮತ್ತೆ ಬಂದರು. ಈ ಸಲ ಹುಡುಗನನ್ನು ಬಿಟ್ಟು ಮೇಸ್ತ್ರಿಯ ಹತ್ತಿರವೇ ಮಾತಾಡಿದೆ. ಸೈಟ್‌ಮೇಸ್ತ್ರಿ ಹೇಳಿದ ಹಾಳೆ ಮತ್ತು ಮರಳಿನ ಚೀಲದ ವಿಷಯ ಹೇಳಿ, ಕೆರೆ ಬಾಯಿಯ ಕಲ್ಲಿನ ಫೋಟೋ ತೋರಿಸಿದೆ. ಫೋಟೋ ಕೆಲಸ ಮಾಡಿತು. ಅವರಿಗೂ ಅದು ಘಟಕಕ್ಕೆ ಹೋಗುತ್ತದೆ ಅಂತಲೇ ಇತ್ತು. ನಾಲ್ಕು ಚೀಲ ಇಟ್ಟರು, ಸಂಜೆ ಎರಡು ಡ್ರಮ್ ತುಂಬಾ ಕೆಸರು ಎತ್ತಿದರು. ಆ ಹುಡುಗ ನನ್ನನ್ನು ನೋಡಿ ನಕ್ಕ.

ಈಗ ಇನ್ನೊಂದು ಅನುಮಾನ. ಮಳೆ ಇಲ್ಲದಿದ್ದರೂ ನಮ್ಮ ಬೀದಿಯ ಜಾಲರಿಯೊಳಗೆ ಬೆಳಿಗ್ಗೆ ಹೊತ್ತು ಸಣ್ಣಗೆ ನೀರು ಹರಿಯುವ ಸದ್ದು ಕೇಳುತ್ತದೆ. ಟಾರ್ಚ್ ಬಿಟ್ಟು ನೋಡಿದೆ, ಬೆಳ್ಳಗೆ ನೊರೆ.

ಟೆಸ್ಟ್‌ಕಿಟ್:
ಬಂತು ನೋಡಿ ಅಸಲಿ ವಿಷಯ. ಮೂರು ದಿನ ಮಳೆ ಇಲ್ಲದೆಯೂ ಮಳೆ ಚರಂಡಿ ಹರಿಯುತ್ತಿದ್ದರೆ, ಒಂದೋ ಬುಗ್ಗೆ ನೀರು ಸೇರುತ್ತಿದೆ, ಇಲ್ಲವೇ ನಲ್ಲಿ ಪೈಪ್ ಒಡೆದಿದೆ, ಇಲ್ಲವೇ ಯಾರದ್ದೋ ಮನೆಯ ಕೊಳೆನೀರಿನ ಪೈಪು ತಪ್ಪಾಗಿ ಇಲ್ಲಿಗೆ ಜೋಡಣೆಯಾಗಿದೆ. ನೊರೆ ಇದೆ ಅಂದರೆ ಮೂರನೆಯದ್ದೇ ಇರಬೇಕು.

ಸುಲಭದ ಪರೀಕ್ಷೆ ಇದೆ. ಬಿಳುಪು ಹಾಕದ ಹತ್ತಿಯ ತುಂಡು ತೆಗೆದುಕೊಳ್ಳಿ. ಅಂಗಡಿಯ ಬೆಳ್ಳನೆಯ ಹತ್ತಿ ಬೇಡ, ಅದು ಮೊದಲೇ ಹೊಳೆಯಬಹುದು. ತಂತಿ ಬಲೆಯೊಳಗೆ ಇಟ್ಟು, ದಾರ ಕಟ್ಟಿ ಜಾಲರಿಯಿಂದ ಇಳಿಬಿಡಿ. ಮೂರು ನಾಲ್ಕು ದಿನ ಬಿಟ್ಟು ತೆಗೆದು ತೊಳೆದು, ಕತ್ತಲೆ ಕೋಣೆಯಲ್ಲಿ ನೋಟು ಪರೀಕ್ಷಿಸುವ ನೇರಳೆ ದೀಪದಲ್ಲಿ ನೋಡಿ. ಬಟ್ಟೆ ಸೋಪಿನಲ್ಲಿ ಬಿಳಿ ಹೊಳಪು ಬರಲಿ ಅಂತ ಒಂದು ಬಣ್ಣ ಹಾಕಿರುತ್ತಾರೆ, ಅದು ಹತ್ತಿಗೆ ಅಂಟಿಕೊಂಡು ನೀಲಿಯಾಗಿ ಹೊಳೆಯುತ್ತದೆ. ಜಾಲರಿ ಮುಚ್ಚಳ ಎತ್ತಲು ಹೋಗಬೇಡಿ, ಒಳಗೆ ಇಳಿಯಲೇಬೇಡಿ. ಒಳಗಿನ ಗಾಳಿ ಕೊಲ್ಲುತ್ತದೆ.

ಹಳೆಇಂಜಿನಿಯರ್:
ಇಳಿಯಲೇಬೇಡಿ. ಇನ್ನೊಮ್ಮೆ ಬರೆಯುತ್ತಿದ್ದೇನೆ.

ಮೂಲೆಮನೆ:
ಐದು ದಿನದ ನಂತರ. ಹತ್ತಿ ಹೊಳೆಯಿತು. ನೀಲಿ ಬಲ್ಬಿನ ಹಾಗೆ.

ಸರಿ, ಯಾರ ಮನೆಯದ್ದು ಅಂತ ಹುಡುಕಲು ಹೊರಟೆ. ನಮ್ಮ ಸಾಲಿನಲ್ಲಿ ಜಾಲರಿಗಿಂತ ಮೇಲೆ ಇರುವುದು ಮೂರೇ ಮನೆ. ನಗರಸಭೆಗೆ ದೂರು ಕೊಟ್ಟೆ, ಅವರು ಬಂದು ಬಣ್ಣದ ಪರೀಕ್ಷೆ ಮಾಡಿದರು. ಹಸಿರು ಹೊಳೆಯುವ ಬಣ್ಣವನ್ನು ಪ್ರತಿ ಮನೆಯ ಬಚ್ಚಲು, ಸಿಂಕು, ವಾಷಿಂಗ್ ಮಷಿನ್ ಪೈಪಿಗೆ ಒಂದೊಂದಾಗಿ ಹಾಕಿ, ಒಬ್ಬರು ಜಾಲರಿ ಹತ್ತಿರ ನಿಂತು ನೋಡುವುದು. ಮೊದಲ ಮನೆಯಲ್ಲಿ ಏನೂ ಇಲ್ಲ. ಎರಡನೆಯದ್ದರಲ್ಲೂ ಇಲ್ಲ.

ಮೂರನೆಯದ್ದು ನಮ್ಮದು.

ಹಿಂದಿನ ಮಾಲೀಕರು ವಾಷಿಂಗ್ ಮಷಿನ್ನನ್ನು ಹಿತ್ತಿಲ ಬಾಲ್ಕನಿಗೆ ಸಾಗಿಸಿದ್ದಾರೆ. ಅಲ್ಲಿ ಹತ್ತಿರ ಸಿಕ್ಕ ಪೈಪಿಗೆ ಅದರ ಹೋಸ್ ತೂರಿಸಿದ್ದಾರೆ. ಆ ಪೈಪು ತಾರಸಿ ಮಳೆನೀರಿನದ್ದು. ಏಳು ವರ್ಷದಿಂದ ನಾವು ಒಗೆದ ಸೋಪಿನ ನೀರೆಲ್ಲ ನೇರ ಕೆರೆಗೆ ಹೋಗುತ್ತಿತ್ತು. ವಾಕಿಂಗ್ ಹೋಗಿ ಕಲ್ಲು ಕೆರೆದು ನೋಡಿದವನು ನಾನು.

ಒಂದ್‌ಮಾತು:
ನಗಬಾರದು, ಆದರೂ ನಕ್ಕೆ. ಕ್ಷಮಿಸಿ. ನಮ್ಮ ಮನೆಯಲ್ಲೂ ಮಷಿನ್ ಬಾಲ್ಕನಿಯಲ್ಲೇ ಇದೆ. ಈಗಷ್ಟೇ ಎದ್ದು ಹೋಗಿ ಪೈಪ್ ನೋಡಿ ಬಂದೆ. ಗೋಡೆಯೊಳಗೆ ಹೋಗಿಬಿಟ್ಟಿದೆ, ಎಲ್ಲಿಗೆ ಅಂತ ಗೊತ್ತಾಗುತ್ತಿಲ್ಲ. ಹೇಗೆ ತಿಳಿಯುವುದು?

ಹಳೆಇಂಜಿನಿಯರ್:
ಮಳೆ ಪೈಪಿನ ಮೇಲ್ತುದಿ ತಾರಸಿಯ ನೀರು ಹೋಗುವ ತೂತಿನಲ್ಲಿ ತೆರೆದಿರುತ್ತದೆ. ಒಳಚರಂಡಿಯ ಪೈಪು ಗಾಳಿ ಹೋಗಲಿ ಅಂತ ತಾರಸಿಯಿಂದ ಮೇಲಕ್ಕೆ ಎದ್ದು ನಿಂತಿರುತ್ತದೆ. ಮಷಿನ್ ನೀರು ಬಿಡುವಾಗ ಒಬ್ಬರು ತಾರಸಿಯಲ್ಲಿ ಕಿವಿ ಕೊಟ್ಟು ಕೇಳಿ, ಇನ್ನೊಬ್ಬರು ಕೆಳಗೆ ಒಳಚರಂಡಿ ಛೇಂಬರ್ ಮುಚ್ಚಳ ತೆಗೆದು ದೂರ ನಿಂತು ನೋಡಲಿ. ಛೇಂಬರಿನಲ್ಲಿ ನೊರೆ ಬಂದರೆ ಸರಿಯಾಗಿದೆ ಅಂತ.

@ಮೂಲೆಮನೆ, ಹೊಸ ಲೈನ್ ಎಳೆಯುವಾಗ ನೀರು ತುಂಬಿ ನಿಲ್ಲುವ ಬೆಂಡ್ ಹಾಕಿಸಲು ಮರೆಯಬೇಡಿ. ಇಲ್ಲದಿದ್ದರೆ ಒಳಚರಂಡಿಯ ವಾಸನೆ ಬಾಲ್ಕನಿಗೆ ಬರುತ್ತದೆ. ವಾಸನೆ ತಾಳಲಾರದೆ ಮತ್ತೆ ಹಳೇ ಪೈಪಿಗೇ ಹೋಸ್ ತೂರಿಸಿದವರನ್ನು ನೋಡಿದ್ದೇನೆ.

ಮೂಲೆಮನೆ:
ಪ್ಲಂಬರ್ ಶನಿವಾರ ಬರುತ್ತಾರಂತೆ. ಅಲ್ಲಿವರೆಗೆ ಹೋಸನ್ನು ಉದ್ದ ಮಾಡಿ ಬಚ್ಚಲಿಗೆ ಬಿಟ್ಟಿದ್ದೇವೆ. ರೂಮಿನ ಮಧ್ಯೆ ಹಾದುಹೋಗುತ್ತದೆ, ಎಲ್ಲರೂ ಎಡವುತ್ತಿದ್ದಾರೆ, ಬೈಗುಳ ನನಗೆ. ಹತ್ತಿಯನ್ನು ಮತ್ತೆ ಇಳಿಬಿಟ್ಟಿದ್ದೇನೆ. ಮುಂದಿನ ವಾರ ತೆಗೆದು ನೋಡಿ ಇಲ್ಲೇ ಬರೆಯುತ್ತೇನೆ.